ಅಳಿಲಿಗೂ ಒಂದು ಪರೀಕ್ಷೆ ಕೊಡಿ

ನಮ್ಮ ಇಂಡಸ್ಟ್ರಿಯಲ್ಲಿ ಒಂದು ಪದ ಇದೆ: ಟಿಯರ್. ಟಿಯರ್-1 ಕಾಲೇಜು, ಟಿಯರ್-2 ಕಾಲೇಜು, ಟಿಯರ್-3 ಕಾಲೇಜು. ಯಾವ ಸರ್ಕಾರವೂ ಈ ಪಟ್ಟಿ ಹೊರಡಿಸಿಲ್ಲ, ಯಾವ ಗೆಜೆಟ್‌ನಲ್ಲೂ ಇದು ಅಚ್ಚಾಗಿಲ್ಲ. ಆದರೂ ಗಚ್ಚಿಬೌಲಿಯಲ್ಲಿ ಯಾವುದೇ ಆಫೀಸಿನ ನೇಮಕಾತಿ ವಿಭಾಗದವರನ್ನು ಕೇಳಿ, ನಿಮ್ಮ ಕಾಲೇಜು ಯಾವ ಟಿಯರ್ ಅಂತ ಕಣ್ಣು ಮುಚ್ಚಿ ಹೇಳುತ್ತಾರೆ. ಎಲ್ಲರಿಗೂ ಬಾಯಿಪಾಠ.

ಇದೇ ಪದ ನಾನು ರಾತ್ರಿ ಊಟ ಮುಗಿಸಿ ಆಡುವ ಒಂದು ಆಟದಲ್ಲೂ ಇದೆ. ಆಟದ ಹೆಸರು ಪೋಕೆಮಾನ್. ನಗುವವರು ನಕ್ಕು ಮುಗಿಸಿ, ಆಮೇಲೆ ಮುಂದೆ ಓದಿ. ನನ್ನ ವಾದ ಇಷ್ಟೇ: ನಾವು ಮಕ್ಕಳಾಟ ಅಂತ ತಳ್ಳಿಹಾಕುವ ಈ ಆಟದ ಮಂದಿ, ಟಿಯರ್ ಅನ್ನುವ ಪದವನ್ನು ನಮ್ಮ ಹೈಟೆಕ್ ಸಿಟಿಯ ಕಂಪನಿಗಳಿಗಿಂತ ಪ್ರಾಮಾಣಿಕವಾಗಿ ಬಳಸುತ್ತಾರೆ. ಅವರು ಪರೀಕ್ಷೆ ಮಾಡುತ್ತಾರೆ. ನಾವು ಮಾಡುವುದಿಲ್ಲ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. 1996ರಲ್ಲಿ ಜಪಾನಿನಲ್ಲಿ ಈ ಆಟ ಶುರುವಾದಾಗ ಇದ್ದ ಜೀವಿಗಳು 151. ಈಗ ಸಾವಿರ ದಾಟಿವೆ. ಪ್ರತಿ ಜೀವಿಗೂ ಆರು ಅಂಕಿಗಳಿವೆ: ಪ್ರಾಣ, ಹೊಡೆತ, ರಕ್ಷಣೆ, ವಿಶೇಷ ಹೊಡೆತ, ವಿಶೇಷ ರಕ್ಷಣೆ, ವೇಗ. ಬೆಂಕಿ, ನೀರು, ವಿದ್ಯುತ್ತು ಅಂತ ಹದಿನೆಂಟು ಜಾತಿಗಳಿವೆ. ಯಾವುದು ಯಾವುದಕ್ಕೆ ಸೋಲುತ್ತದೆ ಅನ್ನುವ ಕೋಷ್ಟಕ ಇದೆ. ಒಂದು ಜೀವಿಗೆ ನಾಲ್ಕೇ ಪಟ್ಟು. ಆರು ಜೀವಿಗಳ ಒಂದು ತಂಡ. ಟಿವಿಯಲ್ಲಿ ಮಕ್ಕಳು ನೋಡುವ ಕತೆ ಬೇರೆ, ಈ ಆರರ ತಂಡ ಕಟ್ಟಿ ಎದುರಾಳಿಯ ಮನಸ್ಸು ಓದುತ್ತ ಆಡುವ ಸ್ಪರ್ಧೆಯೇ ಬೇರೆ. ಚದುರಂಗದಲ್ಲಿ ಕಾಯಿಗಳನ್ನು ನೀವೇ ಆರಿಸಿಕೊಂಡು ಬರಬಹುದು ಅಂತ ಊಹಿಸಿಕೊಳ್ಳಿ, ಹತ್ತಿರ ಹತ್ತಿರ ಅದೇ. ಆಡೋಕೆ ದುಬಾರಿ ಯಂತ್ರವೂ ಬೇಕಿಲ್ಲ. ಷೋಡೌನ್ ಅನ್ನುವ ಸಿಮ್ಯುಲೇಟರ್ ಬ್ರೌಸರ್‌ನಲ್ಲಿ ಪುಕ್ಕಟೆ ತೆರೆದುಕೊಳ್ಳುತ್ತದೆ. ಅಮೀರ್‌ಪೇಟೆಯ ಹಾಸ್ಟೆಲ್‌ನಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಇದ್ದರೆ ಸಾಕು.

ಈ ಸ್ಪರ್ಧಿಗಳ ದೊಡ್ಡ ಬಳಗದ ಹೆಸರು ಸ್ಮೋಗನ್. 2004ರಿಂದ ಇದೆ. ಜೀವಿಗಳನ್ನು ಟಿಯರ್‌ಗಳಾಗಿ ವಿಂಗಡಿಸುವವರು ಇವರೇ. ಆ ಟಿಯರ್‌ಗಳ ಹೆಸರು ಗಮನಿಸಿ: ಓವರ್‌ಯೂಸ್ಡ್, ಅಂಡರ್‌ಯೂಸ್ಡ್, ರೇರ್‌ಲಿಯೂಸ್ಡ್, ನೆವರ್‌ಯೂಸ್ಡ್. ಬಲಿಷ್ಠ, ದುರ್ಬಲ ಅಂತ ಎಲ್ಲೂ ಇಲ್ಲ. ಹೆಚ್ಚು ಬಳಕೆ, ಕಡಿಮೆ ಬಳಕೆ, ಅಪರೂಪದ ಬಳಕೆ, ಬಳಸೇ ಇಲ್ಲದ್ದು. ಹೆಸರಲ್ಲೇ ಸತ್ಯ ಹೇಳಿಬಿಟ್ಟಿದ್ದಾರೆ: ಇದು ಜನ ಏನನ್ನು ಆರಿಸಿದರು ಅನ್ನುವುದರ ಲೆಕ್ಕ, ಆ ಜೀವಿಯ ಯೋಗ್ಯತೆಯ ಪ್ರಮಾಣಪತ್ರ ಅಲ್ಲ.

ಲೆಕ್ಕವೂ ಮುಚ್ಚುಮರೆಯದ್ದಲ್ಲ. ದಿನಕ್ಕೆ 15 ಪಂದ್ಯ ಆಡುವ ಒಬ್ಬನಿಗೆ ಒಂದು ಜೀವಿ ಒಮ್ಮೆಯಾದರೂ ಎದುರಾಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚಿದ್ದರೆ ಅದು ಮೇಲಿನ ಟಿಯರ್. ಶೇಕಡಾದಲ್ಲಿ ಹೇಳಿದರೆ 4.52 ಬಳಕೆ. ಹಿಂದೆ 20 ಪಂದ್ಯದ ಲೆಕ್ಕ ಇತ್ತು, ಆಗ ಗೆರೆ 3.41ಕ್ಕೆ ಇತ್ತು. ಗೆರೆ ಎಲ್ಲಿದೆ, ಯಾಕೆ ಅಲ್ಲಿದೆ, ಯಾವಾಗ ಸರಿಸಿದರು ಅಂತ ಹದಿನಾಲ್ಕು ವರ್ಷದ ಹುಡುಗನಿಗೂ ಗೊತ್ತು. ಕ್ಯಾಲ್ಕುಲೇಟರ್ ಹಿಡಿದು ತಾಳೆ ನೋಡಬಹುದು. ಬಳಕೆಯ ಅಂಕಿಗಳನ್ನು ತಿಂಗಳು ತಿಂಗಳೂ ಪ್ರಕಟಿಸುತ್ತಾರೆ. ಟಿಯರ್‌ಗಳು ಕೆಲವು ತಿಂಗಳಿಗೊಮ್ಮೆ ಬದಲಾಗುತ್ತವೆ. ಈಗ ನಮ್ಮ ಟಿಯರ್-3ರ ಗೆರೆ ಎಲ್ಲಿದೆ ಹೇಳಿ ನೋಡೋಣ. ಯಾರು ಎಳೆದರು? ಕೊನೇ ಸಲ ಯಾವಾಗ ತಿದ್ದಿದರು? ನಾನು ಈ ಉದ್ಯೋಗಕ್ಕೆ ಬಂದು ಇಪ್ಪತ್ತು ವರ್ಷ ಆಗುತ್ತ ಬಂತು, ಇದಕ್ಕೆ ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ.

ಇನ್ನೊಂದು ಮುಖ್ಯ ವ್ಯತ್ಯಾಸ ಇದೆ, ನನ್ನ ವಾದದ ಬುಡವೇ ಅದು. ಆಟದಲ್ಲಿ ಟಿಯರ್ ಅನ್ನುವ ಗೋಡೆ ಯಾರನ್ನು ತಡೆಯುತ್ತದೆ? ಮೇಲಿನವರನ್ನು. ಓವರ್‌ಯೂಸ್ಡ್ ಪಟ್ಟಿಯ ಗಾರ್‌ಚಾಂಪ್ ಕೆಳಗಿನ ಪಂದ್ಯಕ್ಕೆ ಇಳಿದು ಸಣ್ಣ ಜೀವಿಗಳನ್ನು ತುಳಿಯುವ ಹಾಗಿಲ್ಲ. ಆದರೆ ನೆವರ್‌ಯೂಸ್ಡ್ ಪಟ್ಟಿಯ ಜೀವಿ ಮೇಲಿನ ಪಂದ್ಯಕ್ಕೆ ಯಾವ ಹೊತ್ತಿಗೆ ಬೇಕಾದರೂ ಹೋಗಬಹುದು. ಅನುಮತಿ ಬೇಕಿಲ್ಲ, ಶಿಫಾರಸು ಬೇಕಿಲ್ಲ. ಕಡೆಗಣಿಸಲ್ಪಟ್ಟವರಿಗೆ ಆಡೋಕೆ ಒಂದು ಅಂಗಳ ಇರಲಿ ಅಂತ ಕಟ್ಟಿದ ಗೋಡೆ ಅದು. ನಮ್ಮ ಗೋಡೆ ಇದಕ್ಕೆ ತದ್ವಿರುದ್ಧ. ಟಿಯರ್-1ರ ಹುಡುಗ ಬೇಕಾದರೆ ಕೆಳಗಿನ ಯಾವ ಕೆಲಸಕ್ಕೂ ಬರಬಹುದು. ಟಿಯರ್-3ರ ಹುಡುಗಿಯ ರೆಸ್ಯೂಮೆ ಮೇಲಿನ ಕೆಲಸದ ಬಾಗಿಲಿಗೆ ಹೋಗುವ ಮೊದಲೇ ಒಂದು ಸಾಫ್ಟ್‌ವೇರ್ ಅದನ್ನು ಬದಿಗೆ ತಳ್ಳಿರುತ್ತದೆ. ಅವಳು ಸೋತಳು ಅಂತಲೂ ಹೇಳುವ ಹಾಗಿಲ್ಲ. ಆಡಿದ್ದರೆ ತಾನೆ ಸೋಲುವುದು?

ನನ್ನ ಅಕ್ಕನ ಮಗ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಒಂದು ಕೋರ್ಸು ಮಾಡೋಕೆ ಅಮೀರ್‌ಪೇಟೆಗೆ ಬಂದಿದ್ದ. ಆಟದಲ್ಲಿ ನನಗಿಂತ ಪಳಗಿದವನು. ಒಂದು ಭಾನುವಾರ ನಾನು ತಂಡ ಕಟ್ಟುವಾಗ ಯಾರೂ ಹಾಕದ ಒಂದು ಜೀವಿಯನ್ನು ಸೇರಿಸಿದೆ. ಅವನು ಪಕ್ಕದಲ್ಲಿ ಕೂತು, "ಹಾಕ್ರಿ ಮಾಮಾ, ನೋಡಮು. ಸೋತ್ರ ತೆಗಿಯಮು" ಅಂದ. ಆಮೇಲೆ ಕೆಲಸದ ಮಾತು ಬಂತು. ಕ್ಯಾಂಪಸ್‌ಗೆ ಯಾರು ಬಂದಿದ್ದರು ಅಂತ ಕೇಳಿದೆ. "ನಮ್ ಕಾಲೇಜಿಗಿ ಯಾವ ಕಂಪನಿ ಬರ್ತದ ಮಾಮಾ? ನಾವು ನೆವರ್‌ಯೂಸ್ಡ್ ಮಂದಿ" ಅಂದ. ನಗುತ್ತಲೇ ಅಂದ. ಆಟದ ಜೀವಿಗೆ ಅವನೇ ಕೊಟ್ಟ ಅವಕಾಶವನ್ನು ಅವನಿಗೆ ಕೊಡುವವರು ಈ ಊರಲ್ಲಿ ಯಾರೂ ಇರಲಿಲ್ಲ.

ಕಡೆಗಣಿಸಿದ್ದನ್ನು ಪರೀಕ್ಷಿಸಿದರೆ ಏನಾಗಬಹುದು ಅನ್ನುವುದಕ್ಕೆ ಈ ಆಟದಲ್ಲಿ ಎಲ್ಲರೂ ಹೇಳುವ ಉದಾಹರಣೆ ಒಂದಿದೆ. ಎಲ್ಲರೂ ಹೇಳುತ್ತಾರೆ, ಆದರೆ ಅರ್ಧ ಮಾತ್ರ ಹೇಳುತ್ತಾರೆ. 2014ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ದೊಡ್ಡವರ ವಿಭಾಗದಲ್ಲಿ ಗೆದ್ದವನು ದಕ್ಷಿಣ ಕೊರಿಯಾದ ಸೆ ಜುನ್ ಪಾರ್ಕ್. ಅವನ ಆರರ ತಂಡದಲ್ಲಿ ಐದು ಯಾರೂ ಒಪ್ಪುವಂಥವು: ಗಾರ್‌ಚಾಂಪ್, ಗ್ಯಾರಡೋಸ್, ಟ್ಯಾಲನ್‌ಫ್ಲೇಮ್, ಗಾರ್ಡೆವ್ವಾರ್, ಗೋಥಿಟೆಲ್. ಆರನೆಯದು ಪಚಿರಿಸು ಅನ್ನುವ ಒಂದು ಅಳಿಲು. ಬಿಳಿ ಮೈ, ನೀಲಿ ಪಟ್ಟೆ. ಗಾರ್‌ಚಾಂಪ್‌ನ ಆರು ಅಂಕಿ ಕೂಡಿದರೆ 600. ಪಚಿರಿಸುವಿನದು 405.

ಇಲ್ಲಿಗೆ ನಿಲ್ಲಿಸಿದರೆ ಇದು "ಪುಟ್ಟವನೂ ಗೆಲ್ಲಬಹುದು" ಅನ್ನುವ ಸ್ಫೂರ್ತಿ ಭಾಷಣ ಆಗುತ್ತದೆ. ಅಂಥ ಭಾಷಣ ನನಗೆ ಬೇಡ, ನಿಮಗೂ ಬೇಡ. ಪಾರ್ಕ್ ಅಳಿಲನ್ನು ಕನಿಕರದಿಂದ ಸೇರಿಸಿಕೊಳ್ಳಲಿಲ್ಲ. ಅವನಿಗೊಂದು ಕೆಲಸ ಆಗಬೇಕಿತ್ತು. ಅವನ ತಂಡದ ಗ್ಯಾರಡೋಸ್‌ಗೆ ವಿದ್ಯುತ್ತಿನ ಹೊಡೆತ ಬಿದ್ದರೆ ನಾಲ್ಕು ಪಟ್ಟು ಪೆಟ್ಟು. ಟ್ಯಾಲನ್‌ಫ್ಲೇಮ್‌ಗೆ ಎರಡು ಪಟ್ಟು. ಇಬ್ಬರು ಜೊತೆಯಾಗಿ ಆಡುವ ಪಂದ್ಯ ಅದು. ಹಾಗಾಗಿ ಎದುರಾಳಿಯ ಹೊಡೆತವನ್ನು ತನ್ನ ಕಡೆ ಎಳೆದುಕೊಳ್ಳುವವನು ಬೇಕು, ಆ ಹೊಡೆತ ವಿದ್ಯುತ್ತಿನದಾದರೆ ಅದಕ್ಕೆ ಬಗ್ಗದವನು ಬೇಕು. ಹೊಡೆತ ಎಳೆದುಕೊಳ್ಳುವ ಪಟ್ಟು ಬಲ್ಲ ಟೋಗೆಕಿಸ್‌ನಂಥ ಹೆಸರಾಂತ ಜೀವಿಗಳಿದ್ದವು, ಆದರೆ ಟೋಗೆಕಿಸ್ಸೇ ವಿದ್ಯುತ್ತಿಗೆ ಸೋಲುತ್ತದೆ. ಪಚಿರಿಸುವಿಗೆ ಎರಡೂ ಗೊತ್ತು. ವಿದ್ಯುತ್ತು ಬಿದ್ದರೆ ಅದನ್ನು ಕುಡಿದು ಪ್ರಾಣ ಹೆಚ್ಚಿಸಿಕೊಳ್ಳುವ ಗುಣ ಅದಕ್ಕಿದೆ. ಎದುರಾಳಿಯ ಪ್ರಾಣವನ್ನು ಒಂದೇ ಏಟಿಗೆ ಅರ್ಧ ಮಾಡುವ ಹಲ್ಲಿದೆ; ಈ ಪಟ್ಟಿಗೆ ಹೊಡೆಯುವವನ ಬಲ ಎಷ್ಟಿದ್ದರೂ ಒಂದೇ. ಅದರ ಹೊಡೆತದ ಅಂಕಿ 45 ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಪಾರ್ಕ್ ತರಬೇತಿಯ ಅಂಕಗಳನ್ನೆಲ್ಲ ಹೊಡೆಯುವುದಕ್ಕೆ ಸುರಿಯದೆ ಉಳಿಯುವುದಕ್ಕೆ ಸುರಿದ. ಡ್ರೇಕೊ ಮೀಟಿಯರ್‌ನಂಥ ದೊಡ್ಡ ಹೊಡೆತ ತಿಂದೂ ಅಳಿಲು ನಿಂತಿತು.

ನಮ್ಮಲ್ಲಿ ಅಳಿಲು ಸೇವೆ ಅನ್ನುವ ಮಾತಿದೆ. ರಾಮ ಸೇತುವೆ ಕಟ್ಟುವಾಗ ಅಳಿಲು ಮರಳು ಹೊತ್ತ ಕತೆ. ನಾವದನ್ನು "ನನ್ನದೇನು ದೊಡ್ಡದಲ್ಲ ಬಿಡಿ" ಅನ್ನುವ ವಿನಯಕ್ಕೆ ಬಳಸುತ್ತೇವೆ. ವಾಷಿಂಗ್ಟನ್ನಿನಲ್ಲಿ ನಡೆದದ್ದು ಅಳಿಲು ಸೇವೆ ಅಲ್ಲ. ಆ ಜಾಗದಲ್ಲಿ ಬೇರೆ ಯಾರಿಂದಲೂ ಆಗದ ಕೆಲಸ ಅದು. ಬೆನ್ನು ಸವರಿ ಕಳಿಸುವಂಥದ್ದಲ್ಲ, ಸಂಬಳ ಕೊಡಬೇಕಾದ್ದು.

ಪಾರ್ಕ್ ಯಾವ ಕ್ರಮದಲ್ಲಿ ಯೋಚಿಸಿದ ನೋಡಿ. ಮೊದಲು ಕೆಲಸ ಏನು ಅಂತ ಬರೆದುಕೊಂಡ, ಆಮೇಲೆ ಆ ಕೆಲಸ ಬಲ್ಲವರು ಯಾರು ಅಂತ ಇಡೀ ಪಟ್ಟಿ ಹುಡುಕಿದ, ಆಮೇಲೆ ಆಡಿ ನೋಡಿದ. ನಮ್ಮ ಕ್ರಮ ತಲೆಕೆಳಗು. ಮೊದಲು ಕಾಲೇಜಿನ ಜಾಲರಿ ಹಿಡಿಯುತ್ತೇವೆ. ಜಾಲರಿಯಲ್ಲಿ ಉಳಿದವರಲ್ಲಿ ಅಂಕ ನೋಡುತ್ತೇವೆ. ಆಮೇಲೆ ಒಂದು ಗಂಟೆ ಮಾತಾಡಿಸುತ್ತೇವೆ. ಕೆಲಸ ಏನು ಅನ್ನುವುದು ಆಯ್ಕೆಯಾದವರು ಸೀಟಲ್ಲಿ ಬಂದು ಕೂತ ಮೇಲೆ ತಿಳಿಯುತ್ತದೆ, ಎಷ್ಟೋ ಸಲ ನಮಗೂ ಆವಾಗಲೇ ತಿಳಿಯುತ್ತದೆ.

ಇದಕ್ಕೆ ನನ್ನ ಸಹೋದ್ಯೋಗಿಗಳು ಕೊಡುವ ಉತ್ತರಗಳು ನನಗೆ ಬಾಯಿಪಾಠ ಆಗಿವೆ. ಒಂದೊಂದಾಗಿ ನೋಡೋಣ.

ಮೊದಲನೆಯದು: "ಪಟ್ಟಿ ಸುಮ್ಮನೆ ಆದದ್ದಲ್ಲ, ಅದು ಡೇಟಾ." ಡೇಟಾ ಹೌದು, ಆದರೆ ಯಾವುದರ ಡೇಟಾ? ನಮ್ಮ ಆಫೀಸುಗಳಲ್ಲಿ ಯುಟಿಲೈಸೇಷನ್ ಅನ್ನುವ ಅಂಕಿ ಇದೆ. ಒಬ್ಬರ ಸಮಯದಲ್ಲಿ ಎಷ್ಟು ಶೇಕಡಾ ಗ್ರಾಹಕನಿಗೆ ಬಿಲ್ ಆಯಿತು ಅನ್ನುವ ಲೆಕ್ಕ. ಬೆಂಚಿನಲ್ಲಿ ಕೂತವರ ಯುಟಿಲೈಸೇಷನ್ ಕಡಿಮೆ. ಕಡಿಮೆ ಇರುವುದರಿಂದ ರೇಟಿಂಗ್ ಕಡಿಮೆ. ರೇಟಿಂಗ್ ಕಡಿಮೆ ಇರುವವರನ್ನು ಯಾವ ಮ್ಯಾನೇಜರೂ ತನ್ನ ಪ್ರಾಜೆಕ್ಟಿಗೆ ಕರೆಯುವುದಿಲ್ಲ. ಕರೆಯದ್ದರಿಂದ ಯುಟಿಲೈಸೇಷನ್ ಇನ್ನೂ ಕಡಿಮೆ. ಕೊನೆಗೊಂದು ದಿನ ಎಚ್‌ಆರ್ ಕರೆದು ಅದೇ ಅಂಕಿ ತೋರಿಸಿ, ನೋಡಿ, ನಿಮ್ಮ ಡೇಟಾವೇ ಹೇಳುತ್ತಿದೆ ಅನ್ನುತ್ತಾರೆ. ಬಳಸದಿರುವುದನ್ನು ಅಳೆದು ಬಲವಿಲ್ಲ ಅಂತ ಓದುವುದು ಡೇಟಾ ಅಲ್ಲ, ಅದು ಗಾಣದ ಎತ್ತಿನ ಸುತ್ತು. ಕಾಲೇಜಿನ ಟಿಯರೂ ಹೀಗೆಯೇ. ಕಂಪನಿ ಹೋಗದ್ದರಿಂದ ಪ್ಲೇಸ್‌ಮೆಂಟ್ ಇಲ್ಲ, ಪ್ಲೇಸ್‌ಮೆಂಟ್ ಇಲ್ಲದ್ದರಿಂದ ಕಂಪನಿ ಹೋಗುವುದಿಲ್ಲ.

ನನ್ನದೇ ಉದಾಹರಣೆ ಕೊಡುತ್ತೇನೆ. ನನ್ನ ಬಿ.ಇ. ಆದದ್ದು ರಾಯಚೂರು ಕಡೆಯ ಒಂದು ಕಾಲೇಜಿನಲ್ಲಿ. ಅದು ಯಾವ ಪಟ್ಟಿಯಲ್ಲೂ ಇಲ್ಲ. ಎಂ.ಟೆಕ್ ಆದದ್ದು ಮೇಲಿನ ಪಟ್ಟಿಯ ಸಂಸ್ಥೆಯಲ್ಲಿ. ಅದೇ ತಲೆ, ಎರಡು ವರ್ಷದ ಅಂತರ. ಬಿ.ಇ. ಆದಮೇಲೆ ಅರ್ಜಿ ಹಾಕಿದ ಕಡೆಯಿಂದ ಒಂದು ಉತ್ತರವೂ ಬರಲಿಲ್ಲ. ಎಂ.ಟೆಕ್ ಕೊನೆಯ ಸೆಮಿಸ್ಟರಿನಲ್ಲಿ ಅವೇ ಕಡೆಯವರು ಹಾಸ್ಟೆಲ್ಲಿಗೆ ಹುಡುಕಿಕೊಂಡು ಬಂದರು. ನಡುವೆ ನಾನು ಕಲಿತದ್ದುಂಟು, ಇಲ್ಲ ಅನ್ನುವುದಿಲ್ಲ. ಆದರೆ ಎರಡೂ ಸಲ ಅವರು ಓದಿದ್ದು ಒಂದೇ ಸಾಲು. ಕಲಿತದ್ದೇನು ಅಂತ ಎರಡೂ ಸಲ ಕೇಳಲಿಲ್ಲ.

ಎರಡನೆಯದು: "ಅಪವಾದ ಹಿಡಿದು ನಿಯಮ ಮಾಡಬೇಡ. ಪಚಿರಿಸು ಒಂದೇ ಒಂದು ಸಲ ಗೆದ್ದಿತು." ಒಪ್ಪುತ್ತೇನೆ, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಒಪ್ಪುತ್ತೇನೆ. ಪಾರ್ಕ್ ಗೆದ್ದ ಮೇಲೆ ಅಳಿಲನ್ನು ತಂಡಕ್ಕೆ ಹಾಕಿಕೊಂಡು ಸೋತವರು ಬೇಕಾದಷ್ಟು ಜನ. ಅವರ ತಂಡದಲ್ಲಿ ಅಳಿಲು ಮಾಡಬೇಕಾದ ಕೆಲಸವೇ ಇರಲಿಲ್ಲ. ಅವರು ಪರೀಕ್ಷೆ ಮಾಡಲಿಲ್ಲ, ಪಟ್ಟಿ ಬದಲಿಸಿಕೊಂಡರು ಅಷ್ಟೇ. ಕಡೆಗಣಿಸಿದ ಜೀವಿಗಳಲ್ಲಿ ಹೆಚ್ಚಿನವು ಪರೀಕ್ಷಿಸಿದರೆ ನಿಜಕ್ಕೂ ಸೋಲುತ್ತವೆ. ಪರೀಕ್ಷಿಸುವವರಿಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೂ ಮಾಡುತ್ತಾರೆ, ಯಾಕೆಂದರೆ ಯಾವುದು ಸೋಲುವುದಿಲ್ಲ ಅಂತ ಆಡದೆ ತಿಳಿಯುವ ದಾರಿ ಇಲ್ಲ. 1996ರ ಮೊದಲ ಆಟವನ್ನೇ ಇವತ್ತಿಗೂ ಆಡುತ್ತ, ಯಾವುದು ಯಾವ ಸ್ಥಾನಕ್ಕೆ ಸೇರಬೇಕು ಅಂತ ವಾದ ಮಾಡಿ ಪಟ್ಟಿ ತಿದ್ದುವವರಿದ್ದಾರೆ. ಆಟ ಬದಲಾಗಿಲ್ಲ, ಜೀವಿಗಳೂ ಬದಲಾಗಿಲ್ಲ. ತಿಳಿವಳಿಕೆ ಬದಲಾಗುತ್ತಿದೆ. ಕಾಲು ಶತಮಾನದ ಮೇಲೂ 151 ಜೀವಿಗಳ ಬಗ್ಗೆ ಮಾತು ಮುಗಿದಿಲ್ಲ ಅನ್ನುವವರ ಮುಂದೆ, ಒಂದು ಜಿಲ್ಲೆಯ ಕಾಲೇಜುಗಳ ಬಗ್ಗೆ ಎಲ್ಲ ಗೊತ್ತು ಅನ್ನುವ ನಮ್ಮ ಧೈರ್ಯ ದೊಡ್ಡದು.

ಮೂರನೆಯದು: "ಪರೀಕ್ಷೆ ಮಾಡೋಕೆ ಟೈಮ್ ಎಲ್ಲಿದೆ?" ಇದಕ್ಕೆ ಉತ್ತರ ನನ್ನ ಹತ್ತಿರ ಸ್ವಂತದ್ದೇ ಇದೆ.

ಕೆಲವು ವರ್ಷದ ಹಿಂದೆ ನನ್ನ ಪ್ರಾಜೆಕ್ಟಿಗೆ ರಾತ್ರಿ ಓಡುವ ಬ್ಯಾಚ್ ಜಾಬ್‌ಗಳನ್ನು ನೋಡಿಕೊಳ್ಳುವವರು ಬೇಕಿತ್ತು. ಬೇರೆ ಬೇರೆ ಕಡೆಯಿಂದ ಫೈಲುಗಳು ಬರುತ್ತವೆ, ನಡುರಾತ್ರಿ ಯಾವುದೋ ಒಂದು ಮುರಿಯುತ್ತದೆ. ಲಾಗ್ ಓದಿ, ಕಾರಣ ಹಿಡಿದು, ಗ್ರಾಹಕ ಎದ್ದೇಳುವ ಹೊತ್ತಿಗೆ ಅರ್ಥವಾಗುವ ಹಾಗೆ ಒಂದು ಮೇಲ್ ಬರೆಯಬೇಕು. ತಾಳ್ಮೆಯ ಕೆಲಸ. ಮೇಲಿನ ಪಟ್ಟಿಯಿಂದ ಬಂದವರು ಆರು ತಿಂಗಳಿಗೆ ಬಿಟ್ಟು ಹೋಗುತ್ತಿದ್ದರು. ಹಾಗಾಗಿ ಒಂದೇ ಒಂದು ಸಲ ನನಗೆ ಬೇಕಾದ ಹಾಗೆ ಆರಿಸಲು ಒಪ್ಪಿಗೆ ಸಿಕ್ಕಿತು. ಪಟ್ಟಿಯೊಳಗಿನ ಏಳು, ಪಟ್ಟಿಯ ಹೊರಗಿನ ಏಳು ಜನರನ್ನು ಕರೆದೆ. ಕಾಲೇಜಿನ ಹೆಸರು ಮರೆಮಾಡಿ, ನಿಜವಾದ ಲಾಗಿನ ಮಾದರಿಯಲ್ಲೇ ಮೂರು ರಾತ್ರಿಯ ಲಾಗ್ ಮಾಡಿ ಕೊಟ್ಟೆ: 12, 13 ಮತ್ತು 14ನೇ ತಾರೀಕಿನದು. 12ಕ್ಕೆ ಎಲ್ಲ ಸರಿ, 13ಕ್ಕೆ ಜಾಬ್ ಮುರಿದಿದೆ. ಯಾಕೆ? ತೊಂಬತ್ತು ನಿಮಿಷ.

ಉತ್ತರ ಇದು: ಫೈಲಿನಲ್ಲಿ ತಿಂಗಳು ಮೊದಲು ಬರೆದಿದೆ, ಪ್ರೋಗ್ರಾಮು ದಿನ ಮೊದಲು ಅಂತ ಓದುತ್ತಿದೆ. 13ನೇ ತಿಂಗಳು ಅನ್ನುವುದಿಲ್ಲವಾದ್ದರಿಂದ ಅವತ್ತು ನಿಂತಿತು. ಇಷ್ಟನ್ನು ಹಿಡಿದವರು ಮೂವರು. ಪಟ್ಟಿಯೊಳಗಿನವರು ಇಬ್ಬರು, ಹೊರಗಿನವರು ಒಬ್ಬರು. ಅಂದರೆ ಸಂಖ್ಯೆ ನೋಡಿದರೆ ಪಟ್ಟಿಯೇ ಗೆದ್ದಿತು. ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಆದರೆ ಆ ಮೂವರಲ್ಲಿ ಒಬ್ಬಳು ಕೊನೆಗೆ ಇನ್ನೆರಡು ಸಾಲು ಬರೆದಿದ್ದಳು: ಜಾಬ್ ಮುರಿದದ್ದು 13ಕ್ಕೆ, ಆದರೆ ತಪ್ಪು ಶುರುವಾದದ್ದು 1ಕ್ಕೆ. ಅವತ್ತಿನಿಂದ 12ರವರೆಗೆ ಬಂದ ದಾಖಲೆಗಳಲ್ಲಿ ಹೆಚ್ಚಿನವು ಮುರಿಯದೆ, ಸದ್ದಿಲ್ಲದೆ ತಪ್ಪು ತಾರೀಕಿಗೆ ಹೋಗಿ ಕೂತಿವೆ, ಮೊದಲು ಅವನ್ನು ಸರಿಮಾಡಿ. ನನಗೆ ಬೇಕಾದ ಕೆಲಸ ಅದೇ. ಬಿದ್ದದ್ದನ್ನು ಎತ್ತುವವರು ಸಿಗುತ್ತಾರೆ, ಬೀಳದೆ ಹಾಳಾದದ್ದನ್ನು ಕಾಣುವವರು ಸಿಗುವುದಿಲ್ಲ. ಅವಳು ಬೀದರ್ ಜಿಲ್ಲೆಯ ಒಂದು ಕಾಲೇಜಿನವಳು. ಹದಿನಾಲ್ಕು ಉತ್ತರ ಓದೋಕೆ ನನಗೆ ಹಿಡಿದದ್ದು ಒಂದು ಶನಿವಾರದ ಬೆಳಗ್ಗೆ. ಆ ಹಿಂದಿನ ಒಂದೂವರೆ ವರ್ಷದಲ್ಲಿ ಆ ಸೀಟಿನಲ್ಲಿ ಮೂರು ಜನ ಬದಲಾಗಿದ್ದರು. ಮೂರು ಸಲ ಹೊಸಬರಿಗೆ ಕಲಿಸಿದ ಸಮಯವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮುಂದಿನ ವರ್ಷ ಇದನ್ನೇ ಮುಂದುವರಿಸೋಣ ಅಂದಾಗ ಮೇಲಿನವರು ಹೇಳಿದ್ದು, "ಇದು ಸ್ಕೇಲ್ ಆಗಲ್ಲ."

ಸ್ಕೇಲ್ ಆಗುವುದಿಲ್ಲ ಅನ್ನುವ ಮಾತನ್ನು ಆಟದ ಹುಡುಗರಿಗೆ ಹೇಳಿ ನೋಡಿ. ಒಂದು ಜೀವಿಯನ್ನು ನಿಷೇಧಿಸಬೇಕೋ ಬೇಡವೋ ಅನ್ನುವುದಕ್ಕೂ ಅವರಲ್ಲಿ ಸಸ್ಪೆಕ್ಟ್ ಟೆಸ್ಟ್ ಅನ್ನುವ ಪದ್ಧತಿ ಇದೆ. ಮತ ಹಾಕಬೇಕಾದರೆ ಮೊದಲು ನೀವೇ ಆಡಿ, ಗೊತ್ತುಮಾಡಿದ ಮಟ್ಟ ಮುಟ್ಟಿ ಅರ್ಹತೆ ಗಳಿಸಬೇಕು. ಹಾಗೆ ಗಳಿಸಿದವರಲ್ಲಿ ಶೇಕಡಾ 60 ಜನ ಒಪ್ಪಿದರೆ ಮಾತ್ರ ನಿಷೇಧ. ಸಂಬಳ ಇಲ್ಲ, ಪ್ರಮೋಷನ್ ಇಲ್ಲ, ರಾತ್ರಿ ಹೋಮ್‌ವರ್ಕ್ ಮುಗಿಸಿ ಕೂತು ಮಾಡುತ್ತಾರೆ. ಹೊರಗಿಡುವುದಕ್ಕೆ ಅವರಿಗೆ ಸಾಕ್ಷಿ ಬೇಕು. ನಮಗೆ ಒಳಗೆ ಕರೆಯುವುದಕ್ಕೆ ಸಾಕ್ಷಿ ಬೇಕು, ಹೊರಗಿಡುವುದಕ್ಕೆ ಏನೂ ಬೇಡ.

ಈ ಮಾತು ಹೈದರಾಬಾದಿನಲ್ಲಿ ಕೂತ ಕನ್ನಡಿಗರಾದ ನಮಗೆ ಯಾಕೆ ಹೆಚ್ಚು ತಟ್ಟಬೇಕು ಅಂತ ಹೇಳುತ್ತೇನೆ. ಬೀದರ್, ಕಲಬುರಗಿ, ರಾಯಚೂರು 1956ರ ನವೆಂಬರ್ 1ರವರೆಗೆ ಈ ಊರಿನ ಆಡಳಿತದಲ್ಲೇ ಇದ್ದವು. ರಾಜ್ಯ ಬದಲಾಯಿತು, ಬಸ್ಸಿನ ದಾರಿ ಬದಲಾಗಲಿಲ್ಲ. ಆ ಕಡೆಯ ಹುಡುಗರಿಗೆ ಇವತ್ತಿಗೂ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಆ ಜಿಲ್ಲೆಗಳು ಹಿಂದುಳಿದಿವೆ ಅಂತ ಸಂವಿಧಾನಕ್ಕೇ 371(ಜೆ) ಸೇರಿಸಿದರು, 2019ರಲ್ಲಿ ಕಲ್ಯಾಣ ಕರ್ನಾಟಕ ಅಂತ ಹೆಸರೂ ಬದಲಾಯಿತು. ಆ ವಿಧಿ ಸರ್ಕಾರಿ ಕೆಲಸಕ್ಕೆ, ಕಾಲೇಜು ಸೀಟಿಗೆ ಅನ್ವಯಿಸುತ್ತದೆ. ಮಾಧಾಪುರದ ಗಾಜಿನ ಕಟ್ಟಡಕ್ಕೆ ಅನ್ವಯಿಸುವುದಿಲ್ಲ. ಆ ಕಟ್ಟಡದೊಳಗೆ ರೆಸ್ಯೂಮೆ ತೆರೆದು ಕೂತವರಲ್ಲಿ ನಾವೂ ಇದ್ದೇವೆ. ಕಾಚಿಗುಡದ ಸಾಹಿತ್ಯ ಮಂದಿರದಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಚಪ್ಪಲಿ ಹಾಕಿಕೊಳ್ಳುವಾಗ, "ಸರ್, ಮಗಳದು ಬಿ.ಇ. ಆಗೇದ, ಎಲ್ಲಾರ ಒಂದ್ ಹೇಳ್ರಿ" ಅಂತ ಕೇಳುವ ತಂದೆಯಂದಿರನ್ನು ನೀವೂ ಕಂಡಿರುತ್ತೀರಿ. ಅವರು ಕೇಳುತ್ತಿರುವುದು ಶಿಫಾರಸು. ಅದು ಅವರಿಗೆ ಬೇಕಾಗಿರುವುದು ಯಾಕೆಂದರೆ ಪರೀಕ್ಷೆ ಅನ್ನುವ ನೇರ ಬಾಗಿಲು ಮುಚ್ಚಿದೆ.

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನಮ್ಮ ಹಳೇ ರೋಗ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನೇ ನೋಡಿ. ಮುಧೋಳದ ಘೋರ್ಪಡೆ ಅರಸರ ಕಾಲದಿಂದ ಬೇಟೆಗೆ ಹೆಸರಾದ ತಳಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಚಿತ್ರ ಬಂತು. ಸೇನೆಯಲ್ಲಿ ಮಾತ್ರ ಲ್ಯಾಬ್ರಡಾರ್, ಜರ್ಮನ್ ಷೆಪರ್ಡ್. ಹೊಗಳಿಕೆ ಇತ್ತು, ಚೀಟಿ ಇತ್ತು, ಪರೀಕ್ಷೆ ಇರಲಿಲ್ಲ. 2016ರಲ್ಲಿ ಮೀರತ್‌ನ ಸೇನಾ ಕೇಂದ್ರ ಕೆಲವು ಮರಿಗಳನ್ನು ತರಬೇತಿಗೆ ತೆಗೆದುಕೊಂಡಿತು. ಅವು ಎಲ್ಲ ಕೆಲಸಕ್ಕೂ ಹೊಂದುತ್ತವೆಯೇ ಅನ್ನುವುದು ಎರಡನೇ ಪ್ರಶ್ನೆ. ಅಷ್ಟು ವರ್ಷ ಆ ಪ್ರಶ್ನೆಯನ್ನು ಕೇಳುವುದಕ್ಕೂ ಯಾರೂ ಅವಕ್ಕೆ ಮೈದಾನ ಬಿಟ್ಟುಕೊಟ್ಟಿರಲಿಲ್ಲ ಅನ್ನುವುದು ಮೊದಲನೆಯದು.

ಇನ್ನು ಓದುತ್ತಿರುವ ತಮ್ಮ ತಂಗಿಯರಿಗೆ ಒಂದು ಖಾರದ ಮಾತು. ಇದನ್ನು ಓದಿ "ನಾನೂ ಪಚಿರಿಸು" ಅಂತ ಸಮಾಧಾನ ಮಾಡಿಕೊಂಡು ಮಲಗಬೇಡಿ. ಪಚಿರಿಸು ಗೆದ್ದದ್ದು ಕಡೆಗಣಿತ ಅನ್ನುವ ಕಾರಣಕ್ಕಲ್ಲ, ವಿದ್ಯುತ್ತು ಕುಡಿಯುವ ಗುಣ ಇತ್ತು ಅಂತ. ಪೆಲಿಪ್ಪರ್ ಅನ್ನುವ ಹಕ್ಕಿ ವರ್ಷಗಟ್ಟಲೆ ಕೆಳಗಿನ ಟಿಯರ್‌ನಲ್ಲಿ ಬಿದ್ದಿತ್ತು. ಏಳನೇ ತಲೆಮಾರಿನ ಆಟದಲ್ಲಿ ಮಳೆ ತರಿಸುವ ಒಂದು ಗುಣ ಸಿಕ್ಕಿತು, ನೇರ ಓವರ್‌ಯೂಸ್ಡ್‌ಗೆ ಹೋಯಿತು. ಅದಕ್ಕೆ ಆ ಗುಣ ಆಟ ಮಾಡಿದವರು ಕೊಟ್ಟರು. ನಿಮಗೆ ಯಾರೂ ಕೊಡುವುದಿಲ್ಲ. ನೀವು ಮಾಡಬಲ್ಲ ಒಂದು ಕೆಲಸ ಯಾವುದು, ಅದು ಯಾವ ತಂಡಕ್ಕೆ ಬೇಕು, ಇದನ್ನು ನೀವೇ ಬರೆದುಕೊಳ್ಳಬೇಕು. ಅಮೀರ್‌ಪೇಟೆಯಲ್ಲಿ ಎಲ್ಲರೂ ಮಾಡುವ ಕೋರ್ಸನ್ನೇ ಮಾಡಿ, ಎಲ್ಲರೂ ಬರೆಯುವ ರೆಸ್ಯೂಮೆಯನ್ನೇ ಬರೆದರೆ ನೀವು ಕಡೆಗಣಿತರೂ ಆಗುವುದಿಲ್ಲ, ಬರೀ ನಕಲು ಆಗುತ್ತೀರಿ.

ಉಳಿದದ್ದು ನನ್ನ ವಯಸ್ಸಿನವರಿಗೆ, ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂರುವವರಿಗೆ. ನಾನು ಕ್ರಾಂತಿ ಕೇಳುತ್ತಿಲ್ಲ. ಮೂರು ಕೆಲಸ ಮಾಡಿ ಸಾಕು. ಮೊದಲ ಸುತ್ತಿನಲ್ಲಿ ಕಾಲೇಜಿನ ಹೆಸರು ಮುಚ್ಚಿ. ಪ್ರಶ್ನೆಯನ್ನು ಇಂಟರ್ನೆಟ್ಟಿನಿಂದ ತರಬೇಡಿ, ನಿಮ್ಮ ತಂಡದಲ್ಲಿ ಕಳೆದ ತಿಂಗಳು ನಿಜವಾಗಿ ಮುರಿದದ್ದನ್ನೇ ಹೆಸರು ಬದಲಿಸಿ ಕೊಡಿ. ಮತ್ತು ಆರು ಜನರನ್ನು ಕರೆಯುವುದಾದರೆ ಐದನ್ನು ನಿಮ್ಮ ಪಟ್ಟಿಯಿಂದಲೇ ಕರೆಯಿರಿ, ಆರನೆಯ ಜಾಗವನ್ನು ಪಟ್ಟಿಯ ಹೊರಗಿನವರಿಗೆ ಬಿಡಿ. ಪಾರ್ಕ್ ಬಿಟ್ಟದ್ದೂ ಅಷ್ಟೇ, ಆರರಲ್ಲಿ ಒಂದು.

ಆ ಆರನೆಯವರಿಗೆ ಕೆಲಸ ಕೊಡಲೇಬೇಕು ಅಂತ ನಾನು ಹೇಳುತ್ತಿಲ್ಲ. ಸೋತರೆ ಕಳಿಸಿ, ಯಾಕೆ ಸೋತರು ಅಂತ ಎರಡು ಸಾಲು ಬರೆದು ಕಳಿಸಿ. ಆಡಿಸದೆ ಮಾತ್ರ ಕಳಿಸಬೇಡಿ.